ಬಿಸಿಗಾಳಿ ಬಂದಾಗ ಹಳ್ಳಿಯ ಮನೆ: ಕಾವು ಒಳಗೆ ಬರುವುದು ಹೇಗೆ, ಹೊರಗೆ ಕಳಿಸುವುದು ಹೇಗೆ

"ಮುಂದಿನ ಕೆಲವು ದಿನ ಬಿಸಿಗಾಳಿ, ಎಚ್ಚರದಿಂದಿರಿ" ಎಂದು ಫೋನಿಗೆ ಸಂದೇಶ ಬರುತ್ತದೆ. ಹಳ್ಳಿಯಲ್ಲಿ ಇರುವವರಿಗೆ ಮೊದಲು ಅನಿಸುವುದು, ಬಿಸಿಲು ನಮಗೇನು ಹೊಸದಾ ಅಂತ. ಹುಟ್ಟಿದಾಗಿನಿಂದ ಬಿಸಿಲಲ್ಲೇ ದುಡಿದವರು ಹಾಗೆ ಅಂದುಕೊಂಡರೆ ತಪ್ಪಿಲ್ಲ. ಆದರೆ ದಿನದ ಬಿಸಿಲು ಬೇರೆ, ಬಿಸಿಗಾಳಿ ಬೇರೆ. ದಿನದ ಬಿಸಿಲು ಸಂಜೆಗೆ ಇಳಿಯುತ್ತದೆ. ರಾತ್ರಿ ಮನೆ ತಣ್ಣಗಾಗುತ್ತದೆ, ಮೈಯೂ ತಣ್ಣಗಾಗುತ್ತದೆ. ಬಿಸಿಗಾಳಿಯ ದಿನಗಳಲ್ಲಿ ಈ ಇಳಿತವೇ ಸರಿಯಾಗಿ ಆಗುವುದಿಲ್ಲ. ಇವತ್ತಿನ ಕಾವು ಪೂರ್ತಿ ಹೊರಗೆ ಹೋಗುವ ಮೊದಲೇ ನಾಳೆಯ ಕಾವು ಬಂದು ಸೇರುತ್ತದೆ. ಸಾಲದ ಮೇಲೆ ಸಾಲ ಬಿದ್ದ ಹಾಗೆ.

ಈ ಲೇಖನದಲ್ಲಿ ನೋಡುವುದೆಲ್ಲ ಒಂದೇ ಪ್ರಶ್ನೆ: ಕಾವು ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ? ದೇಹಕ್ಕೂ ಇದೇ ಪ್ರಶ್ನೆ, ಮನೆಗೂ ಇದೇ, ಕೊಟ್ಟಿಗೆಗೂ ಇದೇ.

ಬಿಸಿಗಾಳಿ ಅಂದರೆ ಏನು

ಒಂದು ಜಾಗದಲ್ಲಿ ಆ ಕಾಲಕ್ಕೆ ಸಹಜವಾಗಿ ಇರುವುದಕ್ಕಿಂತ ತುಂಬಾ ಜಾಸ್ತಿ ಸೆಕೆ ಬಂದು, ಕೆಲವು ದಿನ ಬಿಡದೆ ಕೂತರೆ ಅದು ಬಿಸಿಗಾಳಿ. ಎಷ್ಟು ಡಿಗ್ರಿ, ಎಷ್ಟು ದಿನ ಅನ್ನುವ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ತಂಪು ನಾಡಿನಲ್ಲಿ 32 ಡಿಗ್ರಿಯೂ ಅಪಾಯವಾಗಬಹುದು, ಯಾಕೆಂದರೆ ಅಲ್ಲಿನ ಮೈಗೂ ಮನೆಗೂ ಅದು ಅಭ್ಯಾಸವಿಲ್ಲ.

ಇದು ಬರುವುದು ಹೀಗೆ. ವಾತಾವರಣದ ಮೇಲಿನ ಪದರದಿಂದ ಗಾಳಿ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಇಳಿಯುತ್ತಾ ಒತ್ತಿಕೊಳ್ಳುತ್ತದೆ, ಒತ್ತಿದಾಗ ಕಾಯುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುತ್ತದೆ ಅಲ್ವಾ, ಇದೂ ಹಾಗೆಯೇ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದಂತೆ ಬಿಸಿ ಗಾಳಿ ಅಲ್ಲೇ ಉಳಿಯುತ್ತದೆ. ನೆಲದಲ್ಲಿ ಹಸಿ ಇದ್ದರೆ ಬಿಸಿಲಿನ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತದೆ. ನೆಲ ಒಣಗಿದ್ದರೆ ಆ ಪಾಲೂ ಗಾಳಿಯನ್ನೇ ಕಾಯಿಸುತ್ತದೆ. ಬರ ಬಿದ್ದ ವರ್ಷ ಬಿಸಿಗಾಳಿ ಇನ್ನಷ್ಟು ಜೋರಾಗುವುದು ಇದರಿಂದಲೇ.

2021ರ ಜೂನ್ ಕೊನೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಲಿಟ್ಟನ್ ಎಂಬ ಪುಟ್ಟ ಹಳ್ಳಿಯಲ್ಲಿ 49.6 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಮರುದಿನ ಬೆಂಕಿ ಬಿದ್ದು ಹಳ್ಳಿಯ ಬಹುಪಾಲು ಸುಟ್ಟುಹೋಯಿತು. ಆ ಒಂದು ವಾರದ ಸೆಕೆಯಿಂದ ಪ್ರಾಂತ್ಯದಲ್ಲಿ 619 ಜನ ಸತ್ತರು. ಅವರಲ್ಲಿ ನೂರಕ್ಕೆ 98 ಮಂದಿಗೆ ಪ್ರಾಣಕ್ಕೆ ಕುತ್ತು ಬಂದದ್ದು ಬಯಲಿನಲ್ಲಿ ಅಲ್ಲ, ಸೂರಿನ ಕೆಳಗೆ. ಮನೆಯೊಳಗೆ ಇದ್ದರೆ ಸಾಕು ಅನ್ನುವ ನಂಬಿಕೆ ಎಷ್ಟು ಅಪಾಯದ್ದು ಅಂತ ಈ ಒಂದು ಅಂಕಿ ಹೇಳುತ್ತದೆ. ಮನೆ ಎಂಥದ್ದು ಅನ್ನುವುದೇ ಮುಖ್ಯ.

ದೇಹ ಕಾವನ್ನು ಹೊರಗೆ ಹಾಕುವ ಬಗೆ

ಸುಮ್ನೆ ಕೂತಿದ್ದರೂ ನಮ್ಮ ದೇಹ ಸುಮಾರು 100 ವ್ಯಾಟ್ ಕಾವು ಹುಟ್ಟಿಸುತ್ತದೆ. ಹಳೆಯ ಕಾಲದ ಒಂದು ದೊಡ್ಡ ಬಲ್ಬು ಉರಿದಷ್ಟು. ಗುದ್ದಲಿ ಹಿಡಿದು ಅಗೆಯುವಾಗ ಇದು ನಾಲ್ಕೈದು ಪಟ್ಟು ಆಗುತ್ತದೆ. ಒಳಗಿನ ತಾಪ ಮಾತ್ರ 37 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಅಂದರೆ ಹುಟ್ಟಿದ ಕಾವೆಲ್ಲ ಹೊರಗೆ ಹೋಗುತ್ತಲೇ ಇರಬೇಕು.

ಚರ್ಮದ ತಾಪ ಸುಮಾರು 35 ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ ಕಾವು ತಾನಾಗಿಯೇ ಗಾಳಿಗೆ ದಾಟುತ್ತದೆ. ಗಾಳಿಯೇ 40 ಡಿಗ್ರಿ ಇದ್ದರೆ ದಾರಿ ತಿರುಗಿಬಿಡುತ್ತದೆ, ಗಾಳಿಯ ಕಾವು ಮೈಗೆ ಬರುತ್ತದೆ. ಆಗ ಉಳಿಯುವ ದಾರಿ ಒಂದೇ, ಬೆವರು.

ಬೆವರು ಹರಿದರೆ ತಂಪಾಗುವುದಿಲ್ಲ, ಆರಿದರೆ ತಂಪಾಗುತ್ತದೆ. ಈ ವ್ಯತ್ಯಾಸ ಗೊತ್ತಾದರೆ ಬಿಸಿಗಾಳಿಯ ಅರ್ಧ ವಿಷಯ ಗೊತ್ತಾದ ಹಾಗೆ. ನೀರು ಆವಿಯಾಗುವಾಗ ತುಂಬಾ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಲೀಟರ್ ಬೆವರು ಮೈಮೇಲೆ ಆರಿದರೆ, ಏಳು ಲೀಟರ್ ತಣ್ಣೀರನ್ನು ಕುದಿ ಬರಿಸಲು ಬೇಕಾದಷ್ಟು ಕಾವು ದೇಹದಿಂದ ಹೊರಟುಹೋಗುತ್ತದೆ.

ಆದರೆ ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ. ಮಳೆಗಾಲದಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ, ಅದೇ ಕಾರಣ. ಮೈಯಿಂದ ನೀರು ಇಳಿಯುತ್ತಿರುತ್ತದೆ, ತಂಪು ಮಾತ್ರ ಸಿಗುವುದಿಲ್ಲ. ಅದಕ್ಕೇ ತೇವದ 35 ಡಿಗ್ರಿ ಕೆಲವೊಮ್ಮೆ ಒಣ 42 ಡಿಗ್ರಿಗಿಂತ ಕಷ್ಟ.

ತಾಪವನ್ನೂ ತೇವವನ್ನೂ ಸೇರಿಸಿ ಅಳೆಯುವ ಒಂದು ಸರಳ ಉಪಾಯ ಇದೆ. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿಯುವುದು. ಬಟ್ಟೆ ಆರುತ್ತಾ ತುದಿಯನ್ನು ಎಷ್ಟು ತಣ್ಣಗೆ ಮಾಡುತ್ತದೋ ಅದೇ 'ಒದ್ದೆ ಬಲ್ಬಿನ ತಾಪ'. ಬೆವರಿದ ಮೈ ಎಷ್ಟು ತಂಪಾಗಲು ಸಾಧ್ಯ ಅಂತ ಇದು ತೋರಿಸುತ್ತದೆ. ಇದು 35 ಡಿಗ್ರಿ ಮುಟ್ಟಿದರೆ ನೆರಳಲ್ಲಿ ಸುಮ್ನೆ ಮಲಗಿದ ಆರೋಗ್ಯವಂತನೂ ಕೆಲವು ಗಂಟೆಗಿಂತ ಹೆಚ್ಚು ತಾಳಲಾರ ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಯುವಕ ಯುವತಿಯರ ಮೇಲೆ ಪರೀಕ್ಷೆ ಮಾಡಿದಾಗ, ತೇವದ ಗಾಳಿಯಲ್ಲಿ ಒದ್ದೆ ಬಲ್ಬಿನ ತಾಪ ಸುಮಾರು 31 ಡಿಗ್ರಿ ಮುಟ್ಟಿದಾಗಲೇ ದೇಹ ಸೋಲಲು ಶುರುವಾಯಿತು. ವಯಸ್ಸಾದವರಿಗೆ ಇದು ಇನ್ನೂ ಕಡಿಮೆ ಅಂತ ತಿಳಿದುಕೊಳ್ಳುವುದೇ ಸರಿ.

ಮನೆ ಕಾಯುವುದು ಎಲ್ಲಿಂದ

ಮೊದಲು ಮಾಡು. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಒಂದು ಚದರ ಮೀಟರ್ ಮಾಡಿಗೆ ಸುಮಾರು 1,000 ವ್ಯಾಟ್ ಬಿಸಿಲು ಬೀಳುತ್ತದೆ. ಇಸ್ತ್ರಿ ಪೆಟ್ಟಿಗೆಯೊಂದನ್ನು ಪ್ರತಿ ಚದರ ಮೀಟರಿಗೂ ಇಟ್ಟ ಹಾಗೆ. ಕಪ್ಪು ಬಣ್ಣದ, ತುಕ್ಕು ಹಿಡಿದ ತಗಡು ಇದನ್ನು ಹೀರಿಕೊಂಡು 60 ಡಿಗ್ರಿ ದಾಟುತ್ತದೆ. ಆಮೇಲೆ ಒಲೆಯ ಮುಂದೆ ಕೂತಾಗ ಮುಖಕ್ಕೆ ಝಳ ಹೊಡೆಯುವಂತೆ, ಕೆಳಗೆ ಕೂತವರ ತಲೆಗೆ ಝಳ ಹೊಡೆಯುತ್ತದೆ. ಗಾಳಿ ಅಷ್ಟು ಬಿಸಿ ಇಲ್ಲದಿದ್ದರೂ ಬೆಂದ ಹಾಗೆ ಅನಿಸುವುದು ಈ ಝಳದಿಂದ.

ಇದಕ್ಕೆ ಕಡಿಮೆ ಖರ್ಚಿನ ಉಪಾಯ ಬಿಳಿ ಬಣ್ಣ. ಸುಣ್ಣವಾದರೂ ಸರಿ. ಹೊಸದಾಗಿ ಬಳಿದ ಬಿಳಿ ಮಾಡು ಬಿಸಿಲಿನ ಹೆಚ್ಚು ಪಾಲನ್ನು ಆಕಾಶಕ್ಕೇ ವಾಪಸು ಕಳಿಸುತ್ತದೆ. ಧೂಳು ಕೂತರೆ ಈ ಗುಣ ಕಡಿಮೆಯಾಗುತ್ತದೆ, ತೊಳೆಯುತ್ತಿರಬೇಕು. ಮಾಡಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಇನ್ನೊಂದು ಪದರ ಕಟ್ಟಿ, ಎರಡು ಕಡೆ ಗಾಳಿ ಆಡಲು ಕಿಂಡಿ ಬಿಟ್ಟರೂ ಝಳ ಬಹಳ ಇಳಿಯುತ್ತದೆ. ಮಾಡಿನ ಮೇಲೆ ಒಣಹುಲ್ಲು ಹಾಸುವ ಮುನ್ನ ಮಾತ್ರ ಎರಡು ಸಲ ಯೋಚಿಸಿ. ಬಿಸಿಗಾಳಿಯ ಕಾಲದಲ್ಲಿ ಒಂದು ಕಿಡಿ ಸಾಕು. ಮತ್ತೆ, ಈ ಕೆಲಸಕ್ಕೆ ಮಾಡು ಹತ್ತುವುದು ಬೆಳಗಿನ ಜಾವದಲ್ಲೇ ಆಗಬೇಕು.

ಎರಡನೆಯದು ಕಿಟಕಿ. ಸೆಕೆಯಾದರೆ ಕಿಟಕಿ ತೆಗೆಯುವುದು ಎಲ್ಲರ ಅಭ್ಯಾಸ. ಆದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿ ಇರುವಾಗ ಕಿಟಕಿ ತೆಗೆದರೆ ಕಾವನ್ನು ಕರೆದು ಒಳಗೆ ಕೂರಿಸಿದ ಹಾಗೆ. ಬೆಳಿಗ್ಗೆ ಹೊರಗೆ ಬಿಸಿ ಏರುತ್ತಿದ್ದಂತೆ ಕಿಟಕಿ ಬಾಗಿಲು ಮುಚ್ಚಿ, ಬಿಸಿಲು ಬೀಳುವ ಕಡೆ ಮರೆ ಮಾಡಿ. ಮರೆ ಹೊರಗಡೆ ಇದ್ದರೆ ಒಳ್ಳೆಯದು. ಒಳಗಿನ ಪರದೆಗೆ ಬಿಸಿಲು ಬಿದ್ದರೆ ಆ ಕಾವು ಆಗಲೇ ಕೋಣೆಯೊಳಗೆ ಬಂದಾಯಿತು. ಹೊರಗೆ ಕಟ್ಟಿದ ಚಾಪೆ, ಗೋಣಿ, ಹಬ್ಬಿಸಿದ ಬಳ್ಳಿ ಬಿಸಿಲನ್ನು ಬಾಗಿಲಲ್ಲೇ ತಡೆಯುತ್ತವೆ. ಸಂಜೆಯ ಬಿಸಿಲು ಓರೆಯಾಗಿ ಬೀಳುವುದರಿಂದ ಪಡುವಣ ಗೋಡೆಗೆ ಮೊದಲು ನೆರಳು ಬೇಕು.

ಮೂರನೆಯದು ಗೋಡೆ. ಇಲ್ಲಿ ಹಳೆಯ ಮನೆಗಳ ಜಾಣತನ ಇದೆ. ದಪ್ಪ ಮಣ್ಣಿನ ಗೋಡೆ ಅಥವಾ ಕಲ್ಲಿನ ಗೋಡೆ ಕಾವನ್ನು ನಿಧಾನವಾಗಿ ಹೀರುತ್ತದೆ, ನಿಧಾನವಾಗಿ ಬಿಡುತ್ತದೆ. ಮಧ್ಯಾಹ್ನ ಹೊರಮೈಗೆ ತಾಗಿದ ಬಿಸಿಲು ಒಳಮೈಗೆ ಬರುವಷ್ಟರಲ್ಲಿ ಹಲವು ಗಂಟೆ ಕಳೆದು ರಾತ್ರಿಯಾಗಿರುತ್ತದೆ. ಅಷ್ಟು ಹೊತ್ತಿಗೆ ಹೊರಗೆ ತಂಪಾಗಿದ್ದರೆ ಕಿಟಕಿ ತೆಗೆದು ಆ ಕಾವನ್ನು ಕಳಿಸಬಹುದು. ತಗಡಿನ ಮನೆ ಇದಕ್ಕೆ ತಿರುಗಾಮುರುಗಾ. ಹಗಲು ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ.

ಮಣ್ಣಿನ ಮನೆಗೂ ಒಂದು ಮಿತಿ ಇದೆ. ರಾತ್ರಿ ತಂಪಾಗದಿದ್ದರೆ ಗೋಡೆಯ ಕಾವಿಗೆ ಹೊರಗೆ ಹೋಗಲು ದಾರಿಯಿಲ್ಲ. ಮೊದಲ ದಿನ ತಣ್ಣಗಿದ್ದ ಮನೆ ನಾಲ್ಕನೇ ದಿನಕ್ಕೆ ಒಳಗಿನಿಂದಲೇ ಬೇಯಲು ಶುರುವಾಗುತ್ತದೆ. ಅದಕ್ಕೇ ರಾತ್ರಿ ಗಾಳಿಯಾಡಿಸುವುದು ಹಗಲು ಮುಚ್ಚುವುದಕ್ಕಿಂತ ದೊಡ್ಡ ಕೆಲಸ. ಎದುರುಬದುರು ಕಿಟಕಿಗಳನ್ನು ತೆಗೆಯಿರಿ. ಬಿಸಿ ಗಾಳಿ ಮೇಲಕ್ಕೆ ಏರುವುದರಿಂದ ಮೇಲಿನ ಕಿಂಡಿ ಇದ್ದರೆ ಅದನ್ನೂ ತೆಗೆಯಿರಿ. ಹೊರಗೆ ಯಾವಾಗ ತಂಪಾಯಿತು ಅಂತ ತಿಳಿಯಲು ಒಳಗೊಂದು ಹೊರಗೊಂದು ಅಗ್ಗದ ಥರ್ಮಾಮೀಟರ್ ಇಟ್ಟುಕೊಂಡರೆ ಊಹೆ ಬೇಕಾಗುವುದಿಲ್ಲ. ಕೋಣೆ ಹಗಲು 32 ಡಿಗ್ರಿ, ರಾತ್ರಿ 24 ಡಿಗ್ರಿಗಿಂತ ಕಡಿಮೆ ಇರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಲ್ಲ ಮನೆಗಳಲ್ಲೂ ಇದು ಆಗುವ ಮಾತಲ್ಲ. ಒಂದೇ ಒಂದು ಕೋಣೆಯನ್ನು ಆರಿಸಿ ಅದನ್ನಾದರೂ ತಂಪಾಗಿಟ್ಟು, ಎಲ್ಲರೂ ಅಲ್ಲೇ ಮಲಗಿದರೆ ದೊಡ್ಡ ಲಾಭ.

ಅಡುಗೆಯ ಒಲೆಯೂ ಕಾವು ಹುಟ್ಟಿಸುತ್ತದೆ. ಬೆಳಗಿನ ಜಾವ ಬೇಯಿಸಿ ಮುಗಿಸಿ, ಇಲ್ಲವೇ ಒಲೆಯನ್ನು ಆ ಕೆಲವು ದಿನ ನೆರಳಿರುವ ಹೊರಜಾಗಕ್ಕೆ ಹಾಕಿ. ಒಲೆಯ ಮುಂದೆ ನಿಲ್ಲುವವರು ಹೊಲದಲ್ಲಿ ದುಡಿಯುವವರಷ್ಟೇ ಕಾವು ಉಣ್ಣುತ್ತಾರೆ. ಇದು ಲೆಕ್ಕಕ್ಕೆ ಬರುವುದೇ ಕಡಿಮೆ.

ಫ್ಯಾನು, ಒದ್ದೆ ಬಟ್ಟೆ, ಕರೆಂಟು ಹೋದ ಹೊತ್ತು

ಫ್ಯಾನು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ಬೆವರನ್ನು ಬೇಗ ಆರಿಸುತ್ತದೆ, ಅಷ್ಟೆ. ಗಾಳಿ 40 ಡಿಗ್ರಿಗಿಂತ ಬಿಸಿ ಇದ್ದಾಗ ಫ್ಯಾನು ಬಿಸಿ ಗಾಳಿಯನ್ನೇ ಮೈಗೆ ಊದಿ ದೇಹವನ್ನು ಕಾಯಿಸುತ್ತದೆ. ಹಾಗಾಗಿ 40ಕ್ಕಿಂತ ಕೆಳಗಿದ್ದಾಗ ಮಾತ್ರ ಅದನ್ನು ನಂಬಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಳ್ಳಿಯಲ್ಲಿ ಕರೆಂಟು ಕೈಕೊಡುವುದು ಇಂಥ ದಿನಗಳಲ್ಲೇ. ಆಗ ನೀರೇ ಆಸರೆ. ತೋಳು, ಕುತ್ತಿಗೆ, ಕಾಲಿಗೆ ನೀರು ಹಚ್ಚಿಕೊಂಡರೆ ದೇಹ ತನ್ನ ನೀರನ್ನು ಖರ್ಚು ಮಾಡದೆಯೇ ಬೆವರಿನ ಲಾಭ ಸಿಗುತ್ತದೆ. ಒದ್ದೆ ಅಂಗಿ ತೊಟ್ಟು ಕೂತರೂ ಆದೀತು. ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಡಬಹುದು. ಬಾಗಿಲಿಗೆ ಒದ್ದೆ ಗೋಣಿ ಕಟ್ಟುವ ಉಪಾಯ ಗಾಳಿ ಒಣಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಣ್ಣಿನ ಮಡಕೆ ನೀರನ್ನು ತಣ್ಣಗಿಡುವುದೂ ಇದೇ ರೀತಿ, ಒಸರಿದ ನೀರು ಹೊರಮೈಯಲ್ಲಿ ಆರುತ್ತದೆ. ಗಾಳಿ ತೇವವಾಗಿದ್ದರೆ ಒದ್ದೆ ಗೋಣಿ ಕೋಣೆಯನ್ನು ಇನ್ನಷ್ಟು ಉಸಿರುಗಟ್ಟಿಸುತ್ತದೆ. ಅಂಥ ದಿನ ಅದು ಬೇಡ.

ಮೋಟಾರು ಕರೆಂಟಿನಿಂದ ಓಡುವುದಾದರೆ, ಎಚ್ಚರಿಕೆ ಬಂದ ದಿನವೇ ಮನೆಮಂದಿಗೂ ದನಕರುಗಳಿಗೂ ಸೇರಿಸಿ ಎರಡು ದಿನದ ನೀರು ತುಂಬಿಟ್ಟುಕೊಳ್ಳಿ, ನೆರಳಿನಲ್ಲಿ. ಬಿಸಿಲಲ್ಲಿ ಬಿದ್ದ ಪೈಪಿನೊಳಗಿನ ನೀರು ಚರ್ಮ ಸುಡುವಷ್ಟು ಕಾದಿರುತ್ತದೆ. ಮಕ್ಕಳ ಮೇಲೋ ದನದ ಮೇಲೋ ಹಾಯಿಸುವ ಮೊದಲು ಆ ನೀರನ್ನು ಹರಿಯಬಿಡಿ.

ನೀರು ಎಷ್ಟು, ಉಪ್ಪು ಎಷ್ಟು

ಮನೆಯಲ್ಲೇ ಇರುವವರು ಗಂಟೆಗೆ ಒಂದು ಲೋಟವಾದರೂ ಕುಡಿಯಬೇಕು, ದಿನಕ್ಕೆ ಎರಡು ಮೂರು ಲೀಟರ್. ಬಿಸಿಲಲ್ಲಿ ದುಡಿಯುವವರು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ. ಬಾಯಾರಿಕೆಗೆ ಕಾಯಬಾರದು, ಬಾಯಾರುವ ಹೊತ್ತಿಗೆ ದೇಹ ಆಗಲೇ ನೀರು ಕಳೆದುಕೊಂಡಿರುತ್ತದೆ. ಹಾಗಂತ ಒಂದೇ ಗಂಟೆಯಲ್ಲಿ ಒಂದೂವರೆ ಲೀಟರ್ ಮೀರಿ ಕುಡಿಯುವುದೂ ತಪ್ಪು. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪು ತೆಳುವಾಗಿ ತಲೆನೋವು, ವಾಕರಿಕೆ ಬರುತ್ತದೆ, ಅತಿಯಾದರೆ ಜೀವಕ್ಕೇ ಅಪಾಯ.

ಹೊತ್ತು ಹೊತ್ತಿಗೆ ಊಟ ಮಾಡುವವರಿಗೆ ಊಟದ ಉಪ್ಪೇ ಸಾಕು. ವಾಂತಿಯಾದರೆ, ತುಂಬಾ ಬೆವರಿ ಸುಸ್ತಾದರೆ ಓಆರ್‌ಎಸ್ ಪುಡಿ ಕಲಸಿ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಗೋಪುರದ ಹಾಗೆ ತುಂಬಬಾರದು, ಮಟ್ಟಸವಾಗಿರಲಿ. ಸರಿಯಾಗಿ ಅಳೆಯಿರಿ. ಉಪ್ಪು ಜಾಸ್ತಿಯಾದರೆ ಮಕ್ಕಳಿಗೆ ಅಪಾಯ. ಹೃದಯ ಅಥವಾ ಕಿಡ್ನಿ ಕಾಯಿಲೆ ಇರುವವರಿಗೆ ನೀರಿನದೂ ಉಪ್ಪಿನದೂ ಲೆಕ್ಕ ಬೇರೆ ಇರುತ್ತದೆ, ಅದನ್ನು ವೈದ್ಯರನ್ನೇ ಕೇಳಿ.

ಮೂತ್ರದ ಬಣ್ಣ ನೋಡಿದರೆ ಸಾಕಷ್ಟು ಕುಡಿದಿದ್ದೀರಾ ಅಂತ ಗೊತ್ತಾಗುತ್ತದೆ. ತಿಳಿ ಹಳದಿ ಸರಿ. ಕಡು ಹಳದಿ ಅಂದರೆ ನೀರು ಸಾಲದು.

ಹೊಲದ ಕೆಲಸ

ಕೆಲಸ ನಿಲ್ಲಿಸಲು ಆಗದವರೇ ಜಾಸ್ತಿ. ಆದರೆ ಹೊತ್ತು ಬದಲಿಸಬಹುದು. ಬೆಳಕು ಹರಿಯುವಾಗ ಶುರು ಮಾಡಿ ಬಿಸಿಲೇರುವ ಮೊದಲು ಮುಗಿಸುವುದು, ಉಳಿದದ್ದು ಸಂಜೆಗೆ. ಹಗ್ಗ ಹೊಸೆಯುವುದು, ಕಾಳು ಹಸನು ಮಾಡುವುದು ಇಂಥವನ್ನು ಮಧ್ಯಾಹ್ನದ ನೆರಳಿಗೆ ಇಟ್ಟುಕೊಳ್ಳಿ.

ದೇಹ ಸೆಕೆಗೆ ಒಗ್ಗುತ್ತದೆ, ಅದಕ್ಕೆ ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಜಾಸ್ತಿ ಬೆವರುತ್ತದೆ, ಆದರೆ ಬೆವರಿನಲ್ಲಿ ಕಡಿಮೆ ಉಪ್ಪು ಬಿಡುತ್ತದೆ. ಹಾಗಾಗಿ ಮೊದಲ ಕೆಲವು ದಿನಗಳೇ ಹೆಚ್ಚು ಅಪಾಯದವು. ಪಟ್ಟಣದಿಂದ ರಜೆಗೆ ಬಂದ ಮಗ, ಕಾಯಿಲೆ ಬಿದ್ದು ಎದ್ದವರು, ಹೊಸದಾಗಿ ಕೂಲಿಗೆ ಬಂದವರು ಮೊದಲ ದಿನವೇ ಉಳಿದವರ ಸಮಕ್ಕೆ ದುಡಿಯಬಾರದು. ಮೊದಲ ದಿನ ಐದನೇ ಒಂದು ಪಾಲು, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸುವುದು ಸುರಕ್ಷಿತ. ಒಬ್ಬರೇ ಹೊಲಕ್ಕೆ ಹೋಗುವುದು ಈ ದಿನಗಳಲ್ಲಿ ಬೇಡ. ತಲೆ ಸುತ್ತಿ ಬಿದ್ದರೆ ನೋಡುವವರು ಬೇಕು.

ಕೊಟ್ಟಿಗೆಯಲ್ಲಿ

ಹಸುವಿನ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ತುಂಬಾ ಕಾವು ಹುಟ್ಟುತ್ತದೆ, ಅದು ತಿಂದ ಕೆಲವು ಗಂಟೆಗಳ ನಂತರ ಹೆಚ್ಚುತ್ತದೆ. ಬೆಳಿಗ್ಗೆ ಹೊಟ್ಟೆ ತುಂಬಾ ಹಾಕಿದರೆ ಒಳಗಿನ ಕಾವೂ ಹೊರಗಿನ ಬಿಸಿಲೂ ಮಧ್ಯಾಹ್ನ ಒಟ್ಟಿಗೆ ಸೇರುತ್ತವೆ. ಹೆಚ್ಚಿನ ಮೇವನ್ನು ಸಂಜೆ ತಂಪಾದ ಮೇಲೆ ಹಾಕಿ. ಚೆನ್ನಾಗಿ ಹಾಲು ಕೊಡುವ ದೊಡ್ಡ ಹಸು ಸೆಕೆಯಲ್ಲಿ ದಿನಕ್ಕೆ 100 ಲೀಟರಿಗೂ ಹೆಚ್ಚು ನೀರು ಕುಡಿಯಬಹುದು. ತೊಟ್ಟಿ ಯಾವಾಗಲೂ ತುಂಬಿರಬೇಕು, ನೆರಳಲ್ಲಿರಬೇಕು. ಮೈಮೇಲೆ ನೀರು ಹಾಕುವುದಾದರೆ ಕೂದಲು ದಾಟಿ ಚರ್ಮದವರೆಗೆ ಇಳಿಯಲಿ, ಗಾಳಿಯಾಡುವ ಕಡೆ ನಿಲ್ಲಿಸಿ. ಬಾಯಿ ತೆರೆದು ಏದುಸಿರು ಬಿಡುತ್ತಾ ಜೊಲ್ಲು ಸುರಿಸಿದರೆ ಅದು ಆಗಲೇ ಕಷ್ಟದಲ್ಲಿದೆ.

ಕೋಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಕೊಕ್ಕು ತೆರೆದು ಏದುಸಿರು ಬಿಡುವುದೇ ಮುಖ್ಯ ದಾರಿ. ಗೂಡಿನಲ್ಲಿ ಒತ್ತೊತ್ತಾಗಿದ್ದರೆ ಬೇಗ ಸಾಯುತ್ತವೆ, ಬಿಡಿಯಾಗಿ ಇರಲು ಜಾಗ ಕೊಡಿ. ನಾಯಿಯನ್ನು ಬಿಸಿಲಲ್ಲಿ ಕಟ್ಟಿಹಾಕಬೇಡಿ.

ಯಾರನ್ನು ಮತ್ತೆ ಮತ್ತೆ ನೋಡಬೇಕು

ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ, ಬೆವರೂ ಕಡಿಮೆ. "ನಂಗೇನೂ ಸೆಕೆ ಇಲ್ಲ" ಎಂದು ಅಜ್ಜಿ ಕಂಬಳಿ ಹೊದ್ದು ಕೂತರೆ ಅವರ ಮಾತನ್ನಷ್ಟೇ ನಂಬಬೇಡಿ, ಮೈ ಮುಟ್ಟಿ ನೋಡಿ. ಕೂಸುಗಳು, ಬಸುರಿಯರು, ಹೃದಯ, ಕಿಡ್ನಿ, ಸಕ್ಕರೆ ಕಾಯಿಲೆ ಇರುವವರ ಮೇಲೂ ಕಣ್ಣಿರಲಿ. ಮೂತ್ರ ಹೆಚ್ಚಿಸುವ ಮಾತ್ರೆ, ಬಿಪಿಯ ಕೆಲವು ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ದೇಹ ತಣ್ಣಗಾಗುವುದಕ್ಕೆ ಅಡ್ಡಿ ಮಾಡುತ್ತವೆ. ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಒಂದು ನಿಮಿಷವೂ ಬಿಡಬೇಡಿ. ಹತ್ತೇ ನಿಮಿಷದಲ್ಲಿ ಒಳಗೆ ಸುಮಾರು 10 ಡಿಗ್ರಿ ಏರುತ್ತದೆ.

ಬ್ರಿಟಿಷ್ ಕೊಲಂಬಿಯಾದಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂಟಿಯಾಗಿ ಇದ್ದವರು. ಹಳ್ಳಿಯಲ್ಲಿ ಮನೆಗಳು ದೂರ ದೂರ. ಒಂಟಿಯಾಗಿರುವವರ ಮನೆಗೆ ದಿನಕ್ಕೆ ಎರಡು ಸಲ ಹೋಗಿ ಬನ್ನಿ. ಬರೀ ಫೋನು ಸಾಲದು, ಮಾತು ತೊದಲುತ್ತಿದೆಯಾ, ಕೋಣೆ ಎಷ್ಟು ಬಿಸಿ ಇದೆ ಅನ್ನುವುದು ಹೋದರೇ ತಿಳಿಯುವುದು.

ಹೀಟ್ ಸ್ಟ್ರೋಕ್: ಮೊದಲ ಅರ್ಧ ಗಂಟೆ

ಸೆಕೆಯ ಸುಸ್ತು ಮೊದಲು ಬರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಹಿಡಿದುಕೊಳ್ಳುವುದು, ವಿಪರೀತ ಬೆವರು. ಮನುಷ್ಯನಿಗೆ ಎಚ್ಚರ ಇರುತ್ತದೆ, ಮಾತು ಸರಿಯಿರುತ್ತದೆ. ನೆರಳಿಗೆ ಕರೆತಂದು, ಮಲಗಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚಿ, ಸ್ವಲ್ಪ ಸ್ವಲ್ಪ ಕುಡಿಸಿದರೆ ಸುಧಾರಿಸುತ್ತಾರೆ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಹೀಟ್ ಸ್ಟ್ರೋಕ್ ಬೇರೆಯೇ. ದೇಹದ ಒಳಗಿನ ತಾಪ 40 ಡಿಗ್ರಿ ದಾಟಿ ಮಿದುಳು ಕೆಡಲು ಶುರುವಾಗಿರುತ್ತದೆ. ಗುರುತು ಹಿಡಿಯುವುದು ಮಾತಿನಿಂದ. ತೊದಲುವುದು, ಅಸಂಬದ್ಧ ಮಾತು, ಜಗಳ, ಹೆಜ್ಜೆ ತಪ್ಪುವುದು, ಫಿಟ್ಸ್, ಎಚ್ಚರ ತಪ್ಪುವುದು. ಬೆವರು ನಿಂತಿರಬೇಕು ಅಂತೇನಿಲ್ಲ. ದುಡಿಯುತ್ತಿದ್ದವರು ಬೆವರಿನಲ್ಲಿ ತೊಯ್ದಿದ್ದಾಗಲೂ ಇದು ಆಗುತ್ತದೆ. ಬೆವರಿದೆ, ಪರವಾಗಿಲ್ಲ ಅಂತ ಬಿಟ್ಟು ಕಳೆದುಕೊಳ್ಳುವ ಹೊತ್ತು ತುಂಬಾ ದುಬಾರಿ.

ಇಲ್ಲಿ ಕ್ರಮ ಮುಖ್ಯ: ಮೊದಲು ತಣ್ಣಗೆ ಮಾಡುವುದು, ಆಮೇಲೆ ಸಾಗಿಸುವುದು. ಹಳ್ಳಿಯಿಂದ ಆಸ್ಪತ್ರೆಗೆ ಒಂದು ಗಂಟೆ ದಾರಿಯಿದ್ದರೆ, ಕಾದ ದೇಹವನ್ನು ಹಾಗೇ ಬಿಸಿ ವಾಹನದಲ್ಲಿ ಹಾಕಿಕೊಂಡು ಹೊರಟರೆ ಆ ಒಂದು ಗಂಟೆಯೂ ಒಳಗಿನ ಅಂಗಗಳು ಬೇಯುತ್ತಿರುತ್ತವೆ. ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲಿ, ಉಳಿದವರು ನೀರು ತರಲಿ.

ದೊಡ್ಡ ಬಾನಿಯೋ ದನದ ತೊಟ್ಟಿಯೋ ಇದ್ದರೆ ಕುತ್ತಿಗೆವರೆಗೆ ನೀರಿನಲ್ಲಿ ಇಳಿಸಿ, ತಲೆಯನ್ನು ಯಾರಾದರೂ ಹಿಡಿದುಕೊಂಡೇ ಇರಬೇಕು. ತೊಟ್ಟಿ ಇಲ್ಲದಿದ್ದರೆ ಒಂದು ಟಾರ್ಪಾಲು ಸಾಕು. ಅದರ ನಡುವೆ ಮಲಗಿಸಿ, ಮೂರು ನಾಲ್ಕು ಜನ ಅಂಚು ಎತ್ತಿ ಹಿಡಿದು ದೋಣಿಯ ಹಾಗೆ ಮಾಡಿ, ಕೊಡಗಟ್ಟಲೆ ತಣ್ಣೀರು ಸುರಿದು ಅಲ್ಲಾಡಿಸುತ್ತಾ ಇರಿ. ಐಸ್ ಇದ್ದರೆ ಅದನ್ನೂ ಹಾಕಿ. ಅದೂ ಇಲ್ಲವೇ, ಮೈಮೇಲೆ ಬಿಡದೆ ನೀರು ಸುರಿಯುತ್ತಾ ಚಾಪೆಯಿಂದ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು ಆಗಾಗ ಬದಲಿಸಿ.

ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸಕ್ಕೆ ಇಳಿಯುತ್ತದೆ. ಜ್ವರದ ಮಾತ್ರೆಯೂ ಬೇಡ. ಜ್ವರ ಬಂದಾಗ ಮಿದುಳೇ ತಾಪವನ್ನು ಏರಿಸಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಇಲ್ಲಿ ತಾಪ ಏರಿರುವುದು ಕಾವು ಹೊರಗೆ ಹೋಗಲಾಗದೆ, ಮಾತ್ರೆಗೆ ಮಾಡುವುದಕ್ಕೆ ಏನೂ ಇಲ್ಲ. ವಾಂತಿ ಬಂದರೆ ಮಗ್ಗುಲಿಗೆ ಹೊರಳಿಸಿ. ಮಾತು ಸರಿಯಾಗಿ, ನಡುಕ ಶುರುವಾದರೆ ನೀರು ಸುರಿಯುವುದನ್ನು ನಿಲ್ಲಿಸಬಹುದು. ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು. ಕಿಡ್ನಿಗೂ ಲಿವರಿಗೂ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು, ಅದು ಗೊತ್ತಾಗುವುದು ರಕ್ತ ಪರೀಕ್ಷೆಯಲ್ಲಿ ಮಾತ್ರ.